ಜಾರ್ ಅದ, ಕ್ಲಾಸ್ ಅದ, ಆದ್ರ ಸಿಗವಲ್ದು: ಮಾಡ್ಯೂಲ್ ಜಗಳದ ಹಿಂದಿನ ಕಥೆ

ಪುಣೆಯ ಹಿಂಜವಡಿಯಲ್ಲಿ ನಮ್ಮ ಆಫೀಸಿನ ಗೇಟಿನ ಎದುರಿಗೊಂದು ಅಮೃತತುಲ್ಯ ಇದೆ. ಊಟವಾದ ಮೇಲೆ ತಂಡದ ಕನ್ನಡದವರೆಲ್ಲ ಅಲ್ಲಿ ಚಹಾಕ್ಕೆ ಸೇರುತ್ತೇವೆ. ಅಥಣಿಯ ಹುಡುಗ, ಧಾರವಾಡದ ಹುಡುಗಿ, ಕುಂದಾಪುರದವನೊಬ್ಬ, ಮತ್ತೆ ನಾನು. ಒಂದು ತಿಂಗಳಿಂದ ಅಲ್ಲಿ ಒಂದೇ ವಾದ. ಹಳೆಯದೊಂದು ವಿಮೆ ಅಪ್ಲಿಕೇಶನ್ ಇದೆ, ಅದನ್ನು ಬಿಡಿ ಬಿಡಿ ಮಾಡಬೇಕು. ಒಂದೊಂದು ತುಂಡನ್ನೂ ನೆಟ್‌ವರ್ಕ್ ಮೂಲಕ ಮಾತಾಡುವ ಬೇರೆ ಪ್ರೋಗ್ರಾಮ್ ಮಾಡೋಣ, ಅಂದರೆ ಮೈಕ್ರೋಸರ್ವೀಸ್, ಅಂತ ಒಬ್ಬರು. ಪ್ರೋಗ್ರಾಮ್ ಒಂದೇ ಇರಲಿ, ಒಳಗೆ ಗೋಡೆ ಹಾಕಿ ತುಂಡು (ಮಾಡ್ಯೂಲ್) ಮಾಡಿದ ಮಾಡ್ಯುಲರ್ ಮೊನೊಲಿತ್ ಸಾಕು ಅಂತ ಇನ್ನೊಬ್ಬರು. ನಾನು ಬಾಯಿ ತೆರೆದರೆ ಸಾಕು, "ಸರ, ಮತ್ತ ನಿಮ್ಮ ಓಎಸ್‌ಜಿಐ ಕಥಿ ಬ್ಯಾಡ್ರಿ" ಅಂತ ಅಥಣಿಯವ ನಗುತ್ತಾನೆ. ಓಎಸ್‌ಜಿಐ ಅಂದರೆ ಜಾವಾ ಪ್ರೋಗ್ರಾಮನ್ನು ತುಂಡು ತುಂಡಾಗಿ ಕಟ್ಟುವ ಒಂದು ಹಳೆಯ ಪದ್ಧತಿ. ಅಲ್ಲಿ ಹೇಳಲು ಬಿಡದ ಕಥೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಈ ಜಗಳಕ್ಕೆ 50 ವರ್ಷ ದಾಟಿದೆ. 1968ರಲ್ಲಿ ಜರ್ಮನಿಯ ಗಾರ್ಮಿಶ್‌ನಲ್ಲಿ ನ್ಯಾಟೋ ಕರೆದಿದ್ದ ಸಭೆಯಲ್ಲಿ ಕಂಪ್ಯೂಟರ್ ವಿಜ್ಞಾನಿ ಡಗ್ಲಸ್ ಮೆಕಿಲ್‌ರಾಯ್ ಒಂದು ಆಸೆ ಮುಂದಿಟ್ಟರು. ತ್ರಿಕೋನಮಿತಿಯ ಸೈನ್ ಲೆಕ್ಕ ಹಾಕುವ ಸಣ್ಣ ಕೋಡ್ ಬೇಕಾದರೆ ನಾವೇ ಯಾಕೆ ಬರೆಯಬೇಕು? ಎಷ್ಟು ನಿಖರ, ಎಷ್ಟು ವೇಗ ಅಂತ ಕ್ಯಾಟಲಾಗ್ ನೋಡಿ ಆರಿಸಿಕೊಳ್ಳುವಂತಿರಬೇಕು ಅಂದರು. 1972ರಲ್ಲಿ ಇನ್ನೊಬ್ಬ ಕಂಪ್ಯೂಟರ್ ವಿಜ್ಞಾನಿ ಡೇವಿಡ್ ಪಾರ್ನಾಸ್ ಒಂದೇ ಪ್ರೋಗ್ರಾಮನ್ನು ಎರಡು ರೀತಿ ಕತ್ತರಿಸಿ ತೋರಿಸಿದರು. ಕೆಲಸದ ಹಂತ ನೋಡಿ ಕತ್ತರಿಸಿದರೆ ಸಣ್ಣ ಬದಲಾವಣೆಯೂ ಎಲ್ಲ ತುಂಡುಗಳನ್ನು ಮುಟ್ಟುತ್ತದೆ. ಮುಂದೆ ಯಾವುದು ಬದಲಾಗಬಹುದೋ ಅದನ್ನು ಒಂದೊಂದು ತುಂಡಿನೊಳಗೆ ಬಚ್ಚಿಟ್ಟರೆ ಅಷ್ಟು ಕಷ್ಟವಿಲ್ಲ. ಮುಂದಿನ 20 ವರ್ಷ ಎಲ್ಲರೂ ಇದನ್ನು ಓದಿದರು, ಒಪ್ಪಿದರು, ಕೋಡ್ ಮಾತ್ರ ಹಳೇ ಥರಾನೇ ಬರೆದರು.

1990ರ ದಶಕದಲ್ಲಿ ವ್ಯಾಪಾರ ಶುರುವಾಯಿತು. 1991ರಲ್ಲಿ ಕೋರ್ಬಾ ಬಂತು, 1993ರಲ್ಲಿ ಮೈಕ್ರೋಸಾಫ್ಟ್‌ನ ಕಾಮ್. ಎರಡೂ ಸಾಫ್ಟ್‌ವೇರ್ ತುಂಡುಗಳನ್ನು ಜೋಡಿಸುವ ಪದ್ಧತಿಗಳು. ಕೋರ್ಬಾದ ಗಮನವೆಲ್ಲ ಬೇರೆ ಬೇರೆ ಭಾಷೆಯ, ಬೇರೆ ಬೇರೆ ಯಂತ್ರದ ತುಂಡುಗಳು ಮಾತಾಡುವುದರ ಮೇಲೆ. ಕಾಮ್ ಹೆಚ್ಚಾಗಿ ಒಂದೇ ಯಂತ್ರದೊಳಗೆ, ಕಂಪೈಲ್ ಆದ ತುಂಡುಗಳನ್ನು ಜೋಡಿಸುತ್ತಿತ್ತು. ಅದರ ಒಂದು ನಿಯಮ ನನಗೆ ಇವತ್ತಿಗೂ ಇಷ್ಟ: ಒಮ್ಮೆ ಹೊರಗೆ ಕೊಟ್ಟ ಇಂಟರ್‌ಫೇಸನ್ನು, ಅಂದರೆ ಹೊರಗಿನವರು ಆ ತುಂಡನ್ನು ಕರೆಯುವ ರೀತಿಯನ್ನು, ಮುಟ್ಟುವಂತಿಲ್ಲ, ಬದಲಾವಣೆ ಬೇಕಾದರೆ ಹೊಸದನ್ನೇ ಮಾಡಬೇಕು. ಆದರೆ ಹೊಸ ಸಾಫ್ಟ್‌ವೇರ್ ಹಾಕಿದಾಗ ಅದರ ಇನ್‌ಸ್ಟಾಲರ್ ಎಲ್ಲರೂ ಹಂಚಿಕೊಂಡಿದ್ದ ಕೋಡಿನ ಫೈಲಿನ (ಡಿಎಲ್‌ಎಲ್) ಮೇಲೆ ತನ್ನದನ್ನು ಬರೆದುಬಿಡುತ್ತಿತ್ತು. ನಿನ್ನೆಯವರೆಗೆ ಓಡುತ್ತಿದ್ದದ್ದು ಇವತ್ತು ಮಲಗುತ್ತಿತ್ತು. ಆಗ ಮೈಕ್ರೋಸಾಫ್ಟ್‌ನ ವಿಷುಯಲ್ ಬೇಸಿಕ್ (ವಿಬಿ) ಭಾಷೆಯಲ್ಲಿ ಬರೆದವರಿಗೆ ಡಿಎಲ್‌ಎಲ್ ಹೆಲ್ ಅಂದರೆ ವಿವರಿಸಬೇಕಿಲ್ಲ.

ಜಾವಾ ಭಾಷೆಯ ಕಡೆ 1998ರಲ್ಲಿ ಇಜೆಬಿ ಬಂತು, ಕಂಪನಿಗಳ ಸರ್ವರ್ ಪ್ರೋಗ್ರಾಮುಗಳಿಗೊಂದು ಚೌಕಟ್ಟು. ಟ್ರಾನ್ಸಾಕ್ಷನ್, ಸೆಕ್ಯುರಿಟಿ ಎಲ್ಲ ಅದನ್ನು ಓಡಿಸುವ ಸರ್ವರ್ (ಕಂಟೇನರ್) ನೋಡಿಕೊಳ್ಳುತ್ತದೆ, ನೀವು ವ್ಯವಹಾರದ ಕೋಡ್ ಬರೆಯಿರಿ ಅಂತ ಭರವಸೆ. ಆ ನಾಲ್ಕು ಸಾಲಿನ ಕೋಡಿಗೆ ಹೋಮ್ ಇಂಟರ್‌ಫೇಸ್, ರಿಮೋಟ್ ಇಂಟರ್‌ಫೇಸ್, ಮೇಲೊಂದು ಎಕ್ಸ್‌ಎಂಎಲ್ ಫೈಲು. ಮದುಮಗನಿಗಿಂತ ಬ್ಯಾಂಡಿನವರೇ ಜಾಸ್ತಿ. 2004ರಲ್ಲಿ ಸ್ಪ್ರಿಂಗ್ 1.0 ಅನ್ನುವ ಹಗುರ ಚೌಕಟ್ಟು ಬಂದಾಗ ಎಲ್ಲರೂ ಅತ್ತ ಓಡಿದ್ದು ಸುಮ್ನೆ ಅಲ್ಲ. ಆದರೆ ಸ್ಪ್ರಿಂಗ್ ಬಗೆಹರಿಸಿದ್ದು ಜೋಡಣೆಯನ್ನು. ಯಾವ ವಸ್ತುವಿಗೆ ಯಾವುದನ್ನು ಕೊಡಬೇಕು ಅಂತ ಅದು ನೋಡಿಕೊಂಡಿತು. ಗೋಡೆ ಕಟ್ಟಲಿಲ್ಲ. ಪ್ರೀಮಿಯಂ ಲೆಕ್ಕದ ಕೋಡು ಕ್ಲೇಮ್ ಕೋಡಿನ ಒಳಮನೆಗೆ ನುಗ್ಗಿದರೆ ತಡೆಯುವವರು ಯಾರೂ ಇರಲಿಲ್ಲ. ಈಗಿನ ಚರ್ಚೆಗಳಲ್ಲೂ ಜೋಡಣೆ ಮತ್ತು ಗೋಡೆ ಎರಡೂ ಕಲಸುಮೇಲೋಗರ ಆಗುತ್ತವೆ, ಅದಕ್ಕೇ ವಾದ ಮುಗಿಯುವುದಿಲ್ಲ.

ಗೋಡೆಯನ್ನು ಗಂಭೀರವಾಗಿ ತೆಗೆದುಕೊಂಡಿದ್ದು ಓಎಸ್‌ಜಿಐ. ಅದು ಹುಟ್ಟಿದ್ದು 1999ರಲ್ಲಿ, ಆಫೀಸಿನ ಸಾಫ್ಟ್‌ವೇರಿಗಾಗಿ ಅಲ್ಲ, ಮನೆಯಲ್ಲಿಡುವ ಗೇಟ್‌ವೇ ಪೆಟ್ಟಿಗೆಗಳಿಗಾಗಿ. ಪೆಟ್ಟಿಗೆ ಬಂದ್ ಮಾಡದೆಯೇ ಒಳಗಿನ ಒಂದು ತುಂಡನ್ನು ತೆಗೆದು ಹೊಸದು ಹಾಕಬೇಕಿತ್ತು. 2004ರಲ್ಲಿ ಕೋಡ್ ಬರೆಯುವ ಸಾಧನ ಎಕ್ಲಿಪ್ಸ್ 3.0 ತನ್ನ ಹಳೆಯ ಪ್ಲಗಿನ್ ವ್ಯವಸ್ಥೆ ಬಿಟ್ಟು ಇದರ ಮೇಲೆ ಕೂತಿತು. ಆಮೇಲೆ ಸರ್ವರ್ ಬರೆಯುವವರ ಕಣ್ಣು ಇದರ ಮೇಲೆ ಬಿತ್ತು.

ಲೆಕ್ಕ ಸರಳ. ಜಾವಾ ಕೋಡಿನ ಒಂದು ಘಟಕ ಕ್ಲಾಸ್, ಕ್ಲಾಸುಗಳ ಗುಂಪು ಪ್ಯಾಕೇಜ್, ಅವನ್ನೆಲ್ಲ ಕಟ್ಟಿಟ್ಟ ಫೈಲು ಜಾರ್. ಇಲ್ಲಿ ಪ್ರತಿ ಜಾರ್ ಒಂದು ಬಂಡಲ್. ನನ್ನ ಯಾವ ಪ್ಯಾಕೇಜ್ ಹೊರಗಿನವರಿಗೆ ಕೊಡುತ್ತೇನೆ, ಬೇರೆಯವರ ಯಾವ ಪ್ಯಾಕೇಜ್ ನನಗೆ ಬೇಕು ಅಂತ ಮ್ಯಾನಿಫೆಸ್ಟ್ ಫೈಲಿನಲ್ಲಿ ಬರೆಯಬೇಕು. ಬರೆಯದಿದ್ದರೆ ಸಿಗುವುದಿಲ್ಲ. ಪ್ರತಿ ಬಂಡಲ್‌ಗೂ ಅದರದೇ ಕ್ಲಾಸ್ ಲೋಡರ್, ಅಂದರೆ ಓಡುವಾಗ ಕ್ಲಾಸುಗಳನ್ನು ಹುಡುಕಿ ತರುವ ಭಾಗ. ಹಾಗಾಗಿ ಒಂದೇ ಲೈಬ್ರರಿಯ ಎರಡು ಆವೃತ್ತಿಗಳು ಪಕ್ಕಪಕ್ಕದಲ್ಲಿ ಬದುಕಬಹುದು. ಸಾಮಾನ್ಯ ಕ್ಲಾಸ್‌ಪಾತ್‌ನಲ್ಲಿ, ಅಂದರೆ ಎಲ್ಲ ಜಾರ್‌ಗಳನ್ನು ಸಾಲಾಗಿ ಕೊಟ್ಟ ಪಟ್ಟಿಯಲ್ಲಿ, ಮೊದಲು ಕಂಡದ್ದೇ ಗೆಲ್ಲುತ್ತದೆ, ಎರಡನೆಯದು ಇದೆ ಅಂತಲೂ ಗೊತ್ತಾಗುವುದಿಲ್ಲ.

2009ರ ಒಂದು ರಾತ್ರಿ. ಆಗಿನ ಕಂಪನಿಯಲ್ಲಿ ಓಎಸ್‌ಜಿಐ ಮೇಲಿನ ಟೆಲಿಕಾಂ ಬಿಲ್ಲಿಂಗ್ ಪ್ರಾಜೆಕ್ಟು. ಫ್ಲೋರಿನಲ್ಲಿ ನಾನು ಮತ್ತು ವಿಜಯಪುರದ ಒಬ್ಬ ಹುಡುಗ, ಇಬ್ಬರೇ. ಕನ್ಸೋಲಿನಲ್ಲಿ 'ಎಸ್‌ಎಸ್' ಅಂತ ಹೊಡೆದರೆ ಬಂಡಲ್‌ಗಳ ಪಟ್ಟಿ ಬರುತ್ತದೆ. ಎಲ್ಲದರ ಮುಂದೆ ಆ್ಯಕ್ಟಿವ್, ನಮ್ಮದೊಂದರ ಮುಂದೆ ಮಾತ್ರ ಇನ್‌ಸ್ಟಾಲ್ಡ್. ಅಂದರೆ ಅದಕ್ಕೆ ಬೇಕಾದ್ದು ಎಲ್ಲೋ ಸಿಕ್ಕಿಲ್ಲ. 'ಡಯಾಗ್' ಹೊಡೆದೆವು, ಒಂದು ಪ್ಯಾಕೇಜಿನ ಹೆಸರು ತೋರಿಸಿತು. ಆ ಹುಡುಗ ಫೋಲ್ಡರ್ ತೆರೆದು ತೋರಿಸಿದ: "ಇಲ್ನೋಡ್ರಿ ಸರ, ಜಾರ್ ಅದ, ಒಳಗ ಕ್ಲಾಸ್ ಅದ, ಮತ್ತ ಸಿಗವಲ್ದು ಅಂದ್ರ ಹೆಂಗ್ರಿ?" ಜಾರ್ ಇತ್ತು, ಆದರೆ ಅದರ ಮ್ಯಾನಿಫೆಸ್ಟ್‌ನಲ್ಲಿ ಕೊಡುತ್ತೇನೆ ಅಂತ ಬರೆದಿರಲಿಲ್ಲ. ಅದನ್ನು ಬಿಚ್ಚಿ, ಸಾಲು ಸೇರಿಸಿ, ಮತ್ತೆ ಕಟ್ಟಿದೆವು. ಬಂಡಲ್ ಎದ್ದಿತು. ಮರುಕ್ಷಣ ಹೊಸ ಎರರ್: ಇನ್‌ವಾಯ್ಸ್ ಕ್ಲಾಸನ್ನು ಇನ್‌ವಾಯ್ಸ್‌ಗೆ ಕ್ಯಾಸ್ಟ್ ಮಾಡಲಾಗದು, ಅಂದರೆ ಇನ್‌ವಾಯ್ಸ್ ಅಂತ ಒಪ್ಪಲಾಗದು! ಎರಡು ಬಂಡಲ್‌ಗಳು ಆ ಕ್ಲಾಸಿನ ಒಂದೊಂದು ನಕಲನ್ನು ಹೊಟ್ಟೆಯೊಳಗೆ ಇಟ್ಟುಕೊಂಡಿದ್ದವು. ಲೋಡರ್ ಬೇರೆಯಾದರೆ, ಹೆಸರು ಒಂದೇ ಇದ್ದರೂ ಜಾವಾಕ್ಕೆ ಅವು ಬೇರೆ ಬೇರೆ ಕ್ಲಾಸು. ಬೆಳಗಿನ ಜಾವ ಮನೆಗೆ ಹೊರಟಾಗ ಆ ಹುಡುಗ ಮಾತಾಡುವ ಸ್ಥಿತಿಯಲ್ಲಿ ಇರಲಿಲ್ಲ.

ಜನ ಓಎಸ್‌ಜಿಐ ಬಿಟ್ಟದ್ದು ಇಂಥ ರಾತ್ರಿಗಳಿಂದ. ಆಗಿನ ಬಹಳಷ್ಟು ಲೈಬ್ರರಿಗಳಿಗೆ ಮ್ಯಾನಿಫೆಸ್ಟ್ ಸರಿ ಇರಲಿಲ್ಲ. ಹೆಸರು ಕೊಟ್ಟು ಕ್ಲಾಸ್ ಹುಡುಕುವ ಲೈಬ್ರರಿಗಳಂತೂ ಗೋಡೆ ಕಂಡ ಕೂಡಲೇ ಎಡವುತ್ತಿದ್ದವು. ಸ್ಪ್ರಿಂಗ್ ಮಂದಿ ಇದನ್ನು ಸುಲಭ ಮಾಡಲೆಂದೇ ಡಿಎಂ ಸರ್ವರ್ ಕಟ್ಟಿದರು. 2010ರಲ್ಲಿ ಅದನ್ನು ಎಕ್ಲಿಪ್ಸ್ ಫೌಂಡೇಶನ್‌ಗೆ ಒಪ್ಪಿಸಿದರು, ವರ್ಗೋ ಅಂತ ಹೆಸರಾಯಿತು. ಆದರೆ ಒಂದು ಮಾತು. ಆ ರಾತ್ರಿ ಸಿಕ್ಕ ಎರಡು ನಕಲುಗಳನ್ನು ಓಎಸ್‌ಜಿಐ ಹುಟ್ಟಿಸಿರಲಿಲ್ಲ, ಅವು ಮೊದಲೇ ಇದ್ದವು. ಕ್ಲಾಸ್‌ಪಾತ್ ಅವುಗಳನ್ನು ಮುಚ್ಚಿಟ್ಟಿತ್ತು, ಅಷ್ಟೇ. ಸ್ಕ್ಯಾನ್ ಮಾಡಿದ ಡಾಕ್ಟರ ಮೇಲೆ ಸಿಟ್ಟಾದಂತೆ ನಾವೆಲ್ಲ ಅದರ ಮೇಲೆ ಸಿಟ್ಟಾದೆವು ಅಂತ ನನಗೆ ಈಗಲೂ ಅನಿಸುತ್ತದೆ.

ಜಾವಾದ ಒಳಗೇ ಮಾಡ್ಯೂಲ್ ತರುವ ಜಿಗ್ಸಾ ಯೋಜನೆ 2008ರಲ್ಲಿ ಶುರುವಾಯಿತು. ಜಾವಾ 7ಕ್ಕೆ ಅಂದರು, 8ಕ್ಕೆ ಅಂದರು, ಕೊನೆಗೆ 9ಕ್ಕೆ ಬಂತು. 2017ರ ಮೇ ತಿಂಗಳಲ್ಲಿ ಜಾವಾ ಸಮಿತಿಯ ಮತದಾನದಲ್ಲಿ ಅದು ಬಿದ್ದೇ ಹೋಯಿತು: 10 ಪರ, 13 ವಿರುದ್ಧ. ತಿದ್ದುಪಡಿಯಾಗಿ ಜೂನ್‌ನಲ್ಲಿ 24 ಪರ ಮತ ಪಡೆದು ಪಾಸಾಗಿ ಸೆಪ್ಟೆಂಬರ್‌ನಲ್ಲಿ ಹೊರಬಂತು. ಓಎಸ್‌ಜಿಐಯಂತೆ ಓಡುತ್ತಿರುವಾಗಲೇ ತುಂಡು ಬದಲಿಸುವ ಆಸೆ ಇದಕ್ಕಿಲ್ಲ. ಜಾವಾದ ಸ್ವಂತ ಹೊಟ್ಟೆಯನ್ನು ಅಚ್ಚುಕಟ್ಟು ಮಾಡಿದ್ದು ಇದರ ದೊಡ್ಡ ಕೆಲಸ. ನಮ್ಮಂಥ ಎಷ್ಟೋ ತಂಡಗಳು ಇನ್ನೂ ಹಳೆಯ ಕ್ಲಾಸ್‌ಪಾತ್ ಮೇಲೇ ಇವೆ.

ಅಷ್ಟರಲ್ಲಿ ಊರೇ ಬೇರೆ ದಾರಿ ಹಿಡಿದಿತ್ತು. 2013ರಲ್ಲಿ ಡಾಕರ್ ಬಂತು, ಪ್ರೋಗ್ರಾಮನ್ನು ಅದಕ್ಕೆ ಬೇಕಾದ್ದೆಲ್ಲದರ ಜೊತೆ ಪೊಟ್ಟಣ ಕಟ್ಟಿ ಓಡಿಸುವ ಸಾಧನ. 2014ರಲ್ಲಿ ಜೇಮ್ಸ್ ಲೂಯಿಸ್, ಮಾರ್ಟಿನ್ ಫೌಲರ್ ಬರೆದ ಲೇಖನದಿಂದ ಮೈಕ್ರೋಸರ್ವೀಸ್ ಅನ್ನುವ ಹೆಸರು ಎಲ್ಲರ ಬಾಯಿಗೆ ಬಂತು. ಕೋಡಿನೊಳಗೆ ಗೋಡೆ ನಿಲ್ಲುವುದಿಲ್ಲ ಅಂದಮೇಲೆ ನೆಟ್‌ವರ್ಕನ್ನೇ ಗೋಡೆ ಮಾಡಿದರು. ದಾಟುವುದು ಕಷ್ಟ, ನಿಜ. ಬೇರೆ ಬೇರೆ ತಂಡಗಳು ತಮ್ಮ ತಮ್ಮ ವೇಗದಲ್ಲಿ ಬಿಡುಗಡೆ ಮಾಡಬೇಕಾದ ಕಡೆ ಇದು ಒಳ್ಳೆಯದೇ. ಆದರೆ ಒಂದು ಮೆಥಡ್ ಕರೆ ಇದ್ದ ಜಾಗದಲ್ಲಿ ಈಗ ಟೈಮ್‌ಔಟ್, ರೀಟ್ರೈ, ಅರ್ಧಕ್ಕೆ ನಿಂತ ಟ್ರಾನ್ಸಾಕ್ಷನ್. 2023ರಲ್ಲಿ ಅಮೆಜಾನ್ ಪ್ರೈಮ್ ವಿಡಿಯೋದ ಒಂದು ತಂಡ ತನ್ನ ವಿಡಿಯೋ ಗುಣಮಟ್ಟ ನೋಡುವ ವ್ಯವಸ್ಥೆಯ ತುಂಡುಗಳನ್ನು ಮತ್ತೆ ಒಂದೇ ಪ್ರೋಗ್ರಾಮ್ ಮಾಡಿ, ಖರ್ಚು 90% ಇಳಿಯಿತು ಅಂತ ಬರೆದುಕೊಂಡಿತು. ಅದೇ ವರ್ಷ ಸ್ಪ್ರಿಂಗ್ ಮಾಡ್ಯೂಲಿತ್ 1.0 ಬಂತು. ಒಂದು ಮಾಡ್ಯೂಲಿನ ಒಳ ಪ್ಯಾಕೇಜನ್ನು ಇನ್ನೊಂದು ಮುಟ್ಟಿದರೆ ಇದು ಟೆಸ್ಟ್ ಹೊತ್ತಿನಲ್ಲೇ ಕೂಗುತ್ತದೆ. ಓಡುವಾಗ ಕ್ಲಾಸ್ ಲೋಡರ್ ಕಾಟ ಇಲ್ಲ.

ಕಳೆದ ವಾರ ಅಥಣಿಯವನೇ ಅದನ್ನು ನಮ್ಮ ವಿಮೆ ಕೋಡಿನ ಮೇಲೆ ಓಡಿಸಿದ. ಪ್ರೀಮಿಯಂ ಕ್ಲೇಮನ್ನು ಮುಟ್ಟುತ್ತದೆ, ಕ್ಲೇಮ್ ಏಜೆಂಟ್ ಕಮಿಷನ್ನನ್ನು, ಕಮಿಷನ್ ಮತ್ತೆ ಪ್ರೀಮಿಯಮ್ಮನ್ನು. ಕೆಂಪು ಸಾಲುಗಳು ಸ್ಕ್ರೀನ್ ತುಂಬ. ಅವನು ಸ್ಕ್ರೋಲ್ ಮಾಡಿದ, ಮಾಡಿದ, ಮತ್ತೂ ಮಾಡಿದ. ಆಮೇಲೆ ಲ್ಯಾಪ್‌ಟಾಪ್ ಅರ್ಧ ಮುಚ್ಚಿ ನನ್ನ ಕಡೆ ತಿರುಗಿದ. "ಸರ, ಚಹಾ ಕುಡ್ಕೊಂಡ್ ಬರೂಣ್ರಿ. ಆ 2009ರ ರಾತ್ರಿದು ಏನೋ ಹೇಳ್ತಿದ್ರೆಲ್ಲಾ, ಹೇಳ್ರಿ."