ಹೀರೆ ಹೂ ಅರಳುವ ಹೊತ್ತು: ತರಕಾರಿ ಗದ್ದೆಯಲ್ಲಿ ಕಲಿತದ್ದು

ಜನವರಿಯ ಒಂದು ಶನಿವಾರ ನಮ್ಮ ಶಾಲೆಯಿಂದ ಕಾಸರಗೋಡು ಜಿಲ್ಲೆಯ ಬಾಯಾರು ಕಡೆಯ ಒಂದು ತರಕಾರಿ ಗದ್ದೆ ನೋಡಲು ಹೋಗಿದ್ದೆವು. ಮಳೆಗಾಲದ ಭತ್ತ ಕೊಯ್ದ ಮೇಲೆ ಅದೇ ಗದ್ದೆಯಲ್ಲಿ ಸಾಲು ಮಾಡಿ ತರಕಾರಿ ಹಾಕುತ್ತಾರೆ. ಅಲ್ಲಿನ ಸೌತೆ, ಅಲಸಂಡೆಗೆ ಸುತ್ತಿನ ಊರುಗಳಲ್ಲಿ ಒಳ್ಳೆಯ ಹೆಸರು. ಆ ದಿನ ಬರಲು ಆಗದವರಿಗೆ, ಪರಾಗಸ್ಪರ್ಶದ ಪಾಠ ಓದುತ್ತಿರುವ ಎಲ್ಲರಿಗೂ ಉಪಯೋಗ ಆಗಲಿ ಅಂತ ಇದನ್ನು ಬರೆದಿದ್ದೇನೆ.

ಮೊದಲು ನೀರು, ಮಣ್ಣು. ಗದ್ದೆಯ ಮೇಲಿನ ಗುಡ್ಡದಲ್ಲಿ ಸುರಂಗ ಇದೆ. ಬಾವಿಯ ಹಾಗೆ ಕೆಳಕ್ಕೆ ತೋಡಿದ್ದಲ್ಲ, ಮುರಕಲ್ಲಿನ ಒಳಕ್ಕೆ ಅಡ್ಡಲಾಗಿ ಕೊರೆದದ್ದು. ಒಳಗೆ ಒಸರುವ ನೀರು ತಾನಾಗಿ ಹರಿದು ಟಾಂಕಿಗೆ ಬೀಳುತ್ತದೆ. ಪಂಪು ಬೇಡ. ನಮ್ಮ ಜೋರು ಮಳೆಗೆ ಮಣ್ಣಿನ ಸುಣ್ಣದಂಶ ತೊಳೆದು ಹೋಗಿ ಮಣ್ಣು ಹುಳಿಯಾಗುತ್ತದೆ. ಅದಕ್ಕೇ ಬುಡಕ್ಕೆ ಸುಡುಮಣ್ಣು ಹಾಕುತ್ತಾರೆ. ಒಣ ಸೊಪ್ಪು, ಕಸಕಡ್ಡಿಯ ಮೇಲೆ ಮಣ್ಣು ಮುಚ್ಚಿ ನಿಧಾನಕ್ಕೆ ಸುಟ್ಟದ್ದು ಅದು. ಬೂದಿಯಿಂದ ಹುಳಿ ಕಡಿಮೆಯಾಗುತ್ತದೆ, ಪೊಟ್ಯಾಶ್ ಸಿಗುತ್ತದೆ, ಬಿಸಿಗೆ ಕಳೆಯ ಬೀಜ ಸಾಯುತ್ತದೆ.

ಇನ್ನು ಹೂವಿನ ವಿಷಯ. ನಾವು ಗದ್ದೆಗೆ ಇಳಿಯುವಾಗ ಹತ್ತೂವರೆ. ಪಡುವಲದ ಹೂಗಳು ಆಗಲೇ ಬಾಡಿ ಮುದುಡಿದ್ದವು. ಹೀರೆಯಲ್ಲಿ ಬರೀ ಮೊಗ್ಗು. ಗದ್ದೆ ನೋಡಿಕೊಳ್ಳುವ ಅಕ್ಕ ಹೇಳಿದರು, "ಮಕ್ಕಳೇ, ಪಡುವಲಕ್ಕೆ ನೀವು ಬಂದದ್ದು ತಡ ಆಯ್ತು, ಹೀರೆಗೆ ಬೇಗ ಆಯ್ತು." ನನಗೆ ಇಡೀ ದಿನದ ಪಾಠ ಈ ಒಂದು ಮಾತಿನಲ್ಲಿತ್ತು.

ಒಂದೊಂದು ಬಳ್ಳಿಗೂ ಅದರದೇ ಹೊತ್ತು ಇದೆ. ಸೌತೆ, ಹಾಗಲ, ಚೀನಿಕಾಯಿ (ಸಿಹಿಗುಂಬಳ) ಬೆಳಿಗ್ಗೆ ಬೇಗ ಅರಳುತ್ತವೆ. ಮೂರರದ್ದೂ ಹಳದಿ ಹೂ. ಸೋರೆ, ಪಡುವಲ ಕತ್ತಲಾಗುವಾಗ ಅರಳುತ್ತವೆ. ಎರಡೂ ಬಿಳಿ. ಕತ್ತಲಲ್ಲಿ ಬರುವ ಪತಂಗಕ್ಕೆ ಬಿಳಿ ಬಣ್ಣ ಚೆನ್ನಾಗಿ ಕಾಣುತ್ತದೆ ಅಲ್ವಾ. ಆದರೆ ಹೀರೆ? ಹೂ ಹಳದಿ, ಅರಳುವುದು ಸಂಜೆ. ಆದ್ದರಿಂದ ಬಣ್ಣ ನೋಡಿ ಹೊತ್ತು ಹೇಳಿದರೆ ಹೀರೆಯಲ್ಲಿ ತಪ್ಪುತ್ತದೆ. ಹೀರೆಗೆ ತುಳುವಿನಲ್ಲಿ ಪೀರೆ, ಮಲಯಾಳದಲ್ಲಿ ಪೀಚಿಂಗ. ಯಾವ ಹೆಸರಲ್ಲಿ ನೆನಪಿಟ್ಟರೂ ಸರಿ, ಸಂಜೆ ಅನ್ನುವುದು ಮರೆಯಬೇಡಿ.

ಈ ಆರೂ ಬಳ್ಳಿಗಳಲ್ಲಿ ಗಂಡು ಹೂ, ಹೆಣ್ಣು ಹೂ ಬೇರೆ ಬೇರೆ, ಆದರೆ ಒಂದೇ ಬಳ್ಳಿಯಲ್ಲಿ ಇರುತ್ತವೆ. ಗುರುತಿಸಲು ಹೂವಿನ ಮುಖ ನೋಡಬೇಡಿ, ಹಿಂದೆ ನೋಡಿ. ಹೆಣ್ಣು ಹೂವಿನ ಹಿಂದೆ ಪುಟ್ಟ ಕಾಯಿ ಇರುತ್ತದೆ. ಅದೇ ಅಂಡಾಶಯ. ಗಂಡು ಹೂವಿನ ಹಿಂದೆ ಬರೀ ತೊಟ್ಟು. ಹೀರೆ, ಪಡುವಲದಲ್ಲಿ ಗಂಡು ಹೂಗಳು ಉದ್ದ ದಂಟಿನಲ್ಲಿ ಗೊಂಚಲಾಗಿ ಬರುತ್ತವೆ, ಹೆಣ್ಣು ಒಂಟಿ. ಸಾಮಾನ್ಯವಾಗಿ ಮೊದಲು ಬರುವುದೂ, ಜಾಸ್ತಿ ಬರುವುದೂ ಗಂಡು ಹೂಗಳೇ. ಬರೀ ಹೂ ಉದುರುತ್ತದೆ, ಕಾಯಿ ಇಲ್ಲ ಅಂತ ಮನೆಯಲ್ಲಿ ಬಳ್ಳಿ ಕಿತ್ತು ಹಾಕುತ್ತಾರಲ್ಲ, ದಯವಿಟ್ಟು ತಡೆಯಿರಿ. ಸ್ವಲ್ಪ ದಿನ ಕಾದರೆ ಹೆಣ್ಣು ಹೂ ಬರುತ್ತದೆ.

ತೊಂಡೆಯನ್ನು ಈ ಲೆಕ್ಕದಿಂದ ಹೊರಗಿಡಿ. ಅದರಲ್ಲಿ ಗಂಡು ಬಳ್ಳಿಯೇ ಬೇರೆ, ಹೆಣ್ಣು ಬಳ್ಳಿಯೇ ಬೇರೆ. ಕಾಯಿ ಬೇಕಾದ್ದರಿಂದ ಹೆಣ್ಣು ಬಳ್ಳಿಯ ತುಂಡನ್ನೇ ನೆಡುತ್ತಾರೆ.

ಸಾಲಿನಲ್ಲಿ ಒಂದು ತುದಿ ದಪ್ಪ, ಇನ್ನೊಂದು ತುದಿ ಸಪೂರ ಆಗಿ ಸೊಟ್ಟಗಿದ್ದ ಸೌತೆ ಸಿಕ್ಕಿತು. ರೋಗ ಅಂದುಕೊಂಡೆವು. ಅಕ್ಕ ಅದನ್ನು ಉದ್ದಕ್ಕೆ ಸೀಳಿ ತೋರಿಸಿದರು. ಸಪೂರ ಇದ್ದ ಕಡೆ ಬೀಜವೇ ಕಟ್ಟಿರಲಿಲ್ಲ. ಬೆಳೆಯುತ್ತಿರುವ ಬೀಜದಿಂದ ಬರುವ ಹಾರ್ಮೋನು ಕಾಯಿಯನ್ನು ಹಿಗ್ಗಿಸುತ್ತದೆ. ಪರಾಗ ಸಾಕಷ್ಟು ಬೀಳದಿದ್ದರೆ ಬೀಜ ಕಡಿಮೆ, ಆ ಭಾಗ ತುಂಬುವುದಿಲ್ಲ. ಜೇನುನೊಣ ಕಮ್ಮಿ ಇದ್ದರೆ ಕೈಯಿಂದಲೂ ಮಾಡಬಹುದು. ಆಗ ತಾನೇ ಅರಳಿದ ಗಂಡು ಹೂ ಕಿತ್ತು, ಎಸಳು ತೆಗೆದು, ನಡುವಿನ ಪರಾಗವನ್ನು ಹೆಣ್ಣು ಹೂವಿನ ಶಲಾಕಾಗ್ರಕ್ಕೆ, ಅಂದರೆ ಪರಾಗ ಹಿಡಿಯುವ ನಡುವಿನ ತುದಿಗೆ, ಮೆಲ್ಲಗೆ ಮುಟ್ಟಿಸುವುದು. ಚೀನಿಕಾಯಿಗೆ ಇದನ್ನು ಬೆಳಿಗ್ಗೆ ಬೇಗ ಮಾಡಬೇಕು. ಬಿಸಿಲು ಏರಿದ ಮೇಲೆ ಹೂ ಮುಚ್ಚಿರುತ್ತದೆ.

ಕೊಳೆತ ಹಾಗಲದೊಳಗೆ ಬಿಳಿ ಹುಳಗಳಿದ್ದವು. ಹಣ್ಣುನೊಣ ಎಳೆ ಕಾಯಿಯ ಸಿಪ್ಪೆ ಚುಚ್ಚಿ ಒಳಗೆ ಮೊಟ್ಟೆ ಇಡುತ್ತದೆ, ಮರಿ ಒಳಗೇ ಬೆಳೆಯುತ್ತದೆ. ಹೊರಗಿಂದ ಔಷಧಿ ಬಿಟ್ಟರೆ ಆ ಹುಳಕ್ಕೆ ಅಷ್ಟಾಗಿ ತಾಗುವುದಿಲ್ಲ, ಹೂವಿಗೆ ಬಂದ ಜೇನುನೊಣ ಮಾತ್ರ ಸಾಯುತ್ತದೆ. ನಮ್ಮ ಜಿಲ್ಲೆಯಲ್ಲಿ ಔಷಧಿ ಅಂದ ಕೂಡಲೇ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ ಎಂಡೋಸಲ್ಫಾನ್ ನೆನಪಾಗುತ್ತದೆ. ಸುಪ್ರೀಂ ಕೋರ್ಟು ಅದನ್ನು ತಡೆದದ್ದು 2011ರಲ್ಲಿ. ಈ ಗದ್ದೆಯಲ್ಲಿ ಔಷಧಿಯ ಬದಲು ಬಲೆ ಡಬ್ಬ ತೂಗಿಸಿದ್ದಾರೆ. ಒಳಗಿರುವ ಕ್ಯೂ ಲ್ಯೂರ್ ವಾಸನೆಗೆ ಗಂಡು ನೊಣಗಳು ಬಂದು ಬೀಳುತ್ತವೆ. ಮಾವಿನ ತೋಟದ ಬಲೆಯಲ್ಲಿ ಇಡುವುದು ಮಿಥೈಲ್ ಯುಜೆನಾಲ್. ಎರಡನ್ನೂ ಅದಲುಬದಲು ಮಾಡಬೇಡಿ, ನೊಣದ ಜಾತಿ ಬೇರೆ. ಹಾಗಲದ ಎಳೆ ಕಾಯಿಗೆ ಕಾಗದವನ್ನೂ ಸುತ್ತುತ್ತಾರೆ. ಹೂ ಬಾಡಿದ ಮೇಲೆಯೇ ಸುತ್ತಬೇಕು. ಮೊದಲೇ ಸುತ್ತಿದರೆ ಪರಾಗ ತಲುಪುವುದು ಹೇಗೆ?

ಅಲಸಂಡೆಗೆ ಈ ಚಿಂತೆ ಇಲ್ಲ. ಅದರ ಹೂವಿನಲ್ಲಿ ಗಂಡು, ಹೆಣ್ಣು ಭಾಗ ಒಟ್ಟಿಗೇ ಇದ್ದು, ಹೆಚ್ಚಾಗಿ ಸ್ವಕೀಯ ಪರಾಗಸ್ಪರ್ಶವೇ ಆಗುತ್ತದೆ. ಒಂದು ಗಿಡ ಕಿತ್ತು ಬೇರಿನ ಗಂಟನ್ನು ಉಗುರಿನಿಂದ ಸೀಳಿದೆವು. ಒಳಗೆ ನಸುಗೆಂಪು. ಹಾಗಿದ್ದರೆ ರೈಜೋಬಿಯಂ ಬ್ಯಾಕ್ಟೀರಿಯಾ ಗಾಳಿಯ ಸಾರಜನಕ ಹಿಡಿಯುವ ಕೆಲಸ ಮಾಡುತ್ತಿದೆ ಅಂತ ಅರ್ಥ.

ನನ್ನ ಅಜ್ಜನ ಮನೆ ಅಲ್ಲೇ ಹತ್ತಿರ. ಟೀಚರ್ ಹತ್ತಿರ ಕೇಳಿ ಅಲ್ಲೇ ಉಳಿದೆ. ಸಂಜೆ ಐದೂವರೆಗೆ ಪುನಃ ಗದ್ದೆಗೆ ಹೋದಾಗ ಹೀರೆಯ ಚಪ್ಪರ ಪೂರ್ತಿ ಹಳದಿ. ಬೆಳಿಗ್ಗೆ ಕಂಡ ಮೊಗ್ಗುಗಳೇ ಅವು. ಕತ್ತಲಾಗುತ್ತಾ ಬಂದಂತೆ ಪಡುವಲದ ಮೊಗ್ಗುಗಳು ಬಿಚ್ಚಿದವು. ಎಸಳಿನ ಅಂಚಿನಲ್ಲಿ ಸುರುಳಿಯಾಗಿದ್ದ ಬಿಳಿ ನೂಲುಗಳು ಒಂದೊಂದಾಗಿ ಹರಡಿಕೊಂಡವು. ಒಂದು ದೊಡ್ಡ ಪತಂಗ ಬಂತು. ಹೂವಿನ ಮೇಲೆ ಕೂರಲೇ ಇಲ್ಲ, ರೆಕ್ಕೆ ಬಡಿಯುತ್ತಾ ಗಾಳಿಯಲ್ಲೇ ನಿಂತು ಮಕರಂದ ಕುಡಿಯಿತು. ಅಕ್ಕ ಟಾರ್ಚ್ ಹಿಡಿದು ಹೂಗಳ ಹಿಂದೆ ನೋಡುತ್ತಾ ಎಣಿಸಿದರು. ಆ ರಾತ್ರಿ ಪಡುವಲದ ಚಪ್ಪರದಲ್ಲಿ ಅರಳಿದ್ದ ಹೆಣ್ಣು ಹೂ ಏಳು.