72 ಸಲ ಓಡಿಸಬೇಕಾ?

ಪ್ರಶ್ನೆ: ನಮ್ಮ ಸಾಫ್ಟ್‌ವೇರ್ ನಾಲ್ಕು ಬ್ರೌಸರ್, ಮೂರು ಸರ್ವರ್, ಮೂರು ಡೇಟಾಬೇಸ್, ಎರಡು ಜಾವಾ ವರ್ಷನ್‌ಗಳಲ್ಲಿ ನಡೆಯಬೇಕು. ಆಟೊಮೇಷನ್ ಟೆಸ್ಟನ್ನು (ತಾನಾಗಿ ಓಡೋ ಪರೀಕ್ಷೆಯನ್ನು) ಎಲ್ಲಾ ಕಾಂಬಿನೇಷನ್‌ಗಳಲ್ಲೂ ಓಡಿಸಬೇಕಾ?

ಬೇಡ. ಕೋಲಾರದ ನನ್ನ ಶನಿವಾರದ ಕ್ಲಾಸಿನಲ್ಲಿ ಪ್ರತಿ ಬ್ಯಾಚಿಗೂ ಇದನ್ನೇ ಹೇಳಿ ಬಾಯಿ ಒಣಗಿದೆ. ಆದರೂ ಸೋಮವಾರ ಬೆಂಗಳೂರು ಬಸ್ಸಿನಿಂದಲೇ ಯಾರಾದರೂ ಮೆಸೇಜ್ ಹಾಕುತ್ತಾರೆ: “ಸರ್, ಮ್ಯಾನೇಜರ್ ಎಲ್ಲಾ ಓಡಿಸು ಅಂತಿದ್ದಾರೆ.”

ಲೆಕ್ಕ ಹಾಕಿ. 4×3×3×2 ಅಂದರೆ 72. ಒಂದು ಸಲಕ್ಕೆ 40 ನಿಮಿಷ ಅಂದುಕೊಂಡರೂ ಒಂದೇ ಮಷೀನಿಗೆ 48 ಗಂಟೆ. ಇವತ್ತು ಸಂಜೆ ಬರೆದ ಕೋಡಿನ ಹಣೆಬರಹ ನಾಳಿದ್ದು ಸಂಜೆ ಗೊತ್ತಾಗುತ್ತೆ.

“ಕ್ಲೌಡಿನಲ್ಲಿ ಮಷೀನ್ ಜಾಸ್ತಿ ತಗೊಂಡರಾಯ್ತು” ಅಂತೀರಿ. ತಗೊಳ್ಳಿ. ಆದರೆ 72 ಓಡಿಸಿದರೆ ಯಾವ ಬಗ್ಗೂ (ಕೋಡಿನ ತಪ್ಪೂ) ತಪ್ಪಿಸಿಕೊಳ್ಳಲ್ಲ ಅನ್ನೋ ನಂಬಿಕೆಯೇ ಪೊಳ್ಳು. ನನಗೇ ಆಗಿದ್ದು ಹೇಳುತ್ತೇನೆ. ನಮ್ಮ ಕೋಡಿನಲ್ಲಿ ಡೇಟಾಬೇಸಿನ ಒಂದು ಟೇಬಲ್ಲಿನ ಹೆಸರು ಒಂದು ಕಡೆ ಕ್ಯಾಪಿಟಲ್ ಅಕ್ಷರದಿಂದ ಶುರುವಾಗಿತ್ತು, ಇನ್ನೊಂದು ಕಡೆ ಸ್ಮಾಲ್. ವಿಂಡೋಸ್‌ನಲ್ಲಿ ಮೈಎಸ್‌ಕ್ಯೂಎಲ್ ಅನ್ನೋ ಡೇಟಾಬೇಸ್ ಎರಡನ್ನೂ ಒಂದೇ ಅಂತ ಬಿಟ್ಟುಬಿಡುತ್ತದೆ. ಲಿನಕ್ಸ್‌ನಲ್ಲಿ ಸೆಟ್ಟಿಂಗ್ ಮುಟ್ಟದಿದ್ದರೆ ಅವು ಬೇರೆ ಬೇರೆ. ನಮ್ಮ ಟೆಸ್ಟ್ ಮಷೀನುಗಳೆಲ್ಲ ವಿಂಡೋಸ್, ಗ್ರಾಹಕರ ಸರ್ವರ್ ಲಿನಕ್ಸ್. ನಮ್ಮ ಕಡೆ ಪೂರ್ತಿ ಹಸಿರು, ಅಂದರೆ ಎಲ್ಲಾ ಟೆಸ್ಟ್ ಪಾಸ್. ಅವರ ಕಡೆ ಮೊದಲ ದಿನವೇ ‘ಟೇಬಲ್ ಇಲ್ಲ’.

ಅದನ್ನು 720 ಸಲ ಓಡಿಸಿದ್ದರೂ ಸಿಗುತ್ತಿರಲಿಲ್ಲ. ನಮ್ಮ ಪಟ್ಟಿಯಲ್ಲಿ ಆಪರೇಟಿಂಗ್ ಸಿಸ್ಟಂ (ವಿಂಡೋಸಾ, ಲಿನಕ್ಸಾ) ಅನ್ನೋ ಕಾಲಮ್ಮೇ ಇರಲಿಲ್ಲ! ನಮ್ಮೂರ ಟೊಮೆಟೊ ಮಂಡಿಯಲ್ಲಿ ಕ್ರೇಟಿನ ಮೇಲಿನ ಸಾಲನ್ನೇ ಹತ್ತು ಸಲ ತಿರುಗಿಸಿ ನೋಡಿ ರೇಟು ಕೂಗ್ತಾರಾ? ಕೈ ಅಡಿಗೆ ಹೋಗಬೇಕು, ಅಲ್ವಾ?

ಹಾಗಾದರೆ ಎಷ್ಟು ಸಾಕು? ಪೇರ್‌ವೈಸ್ ಮಾಡಿ. ಯಾವ ಎರಡು ಕಾಲಮ್ (ಬ್ರೌಸರ್, ಡೇಟಾಬೇಸ್ ಅಂದುಕೊಳ್ಳಿ) ತಗೊಂಡರೂ ಅವುಗಳ ಪ್ರತಿ ಜೋಡಿ ಒಂದು ಸಲವಾದರೂ ಬರಬೇಕು, ಅಷ್ಟೆ. ನಿಮ್ಮ 72 ಕೇವಲ 12ಕ್ಕೆ ಇಳಿಯುತ್ತದೆ. ಎಂಟು ಗಂಟೆ. ರಾತ್ರಿ ಹತ್ತಕ್ಕೆ ಬಿಟ್ಟರೆ ಬೆಳಗ್ಗೆ ಆರಕ್ಕೆ ಮುಗಿದಿರುತ್ತದೆ. ಪಟ್ಟಿ ಮಾಡಿಕೊಡೋಕೆ ಮೈಕ್ರೋಸಾಫ್ಟ್‌ನವರ ಪಿಕ್ಟ್ ಅನ್ನೋ ಟೂಲ್ ಇದೆ, ದುಡ್ಡು ಕೊಡಬೇಕಿಲ್ಲ. ಮೂರು ಸಂಗತಿ ಒಟ್ಟಿಗೆ ಸೇರಿದಾಗ ಮಾತ್ರ ಕಾಣೋ ಬಗ್ ಇದರಲ್ಲಿ ತಪ್ಪಿಸಿಕೊಳ್ಳಬಹುದು, ನಿಜ. ಆದರೆ ಬಹುತೇಕ ಬಗ್ಗುಗಳು ಒಂದು ಅಥವಾ ಎರಡು ಸಂಗತಿಯಿಂದಲೇ ಹುಟ್ಟುತ್ತವೆ. ಹಣದ ಲೆಕ್ಕದಂಥ ಜಾಗಗಳಿಗೆ ಎರಡರ ಬದಲು ಮೂರು ಕಾಲಮ್ಮುಗಳ ಗುಂಪು ಹಾಕಿ, ಮಿಕ್ಕಿದ್ದಕ್ಕೆ ಬೇಡ.

ಯಾರೂ ಕೇಳಲಿಲ್ಲ, ಆದರೂ ಹೇಳಿಬಿಡ್ತೀನಿ: ನಿಮ್ಮ ಆ ನಾಲ್ಕು ಬ್ರೌಸರ್ ಕ್ರೋಮ್, ಎಡ್ಜ್, ಫೈರ್‌ಫಾಕ್ಸ್, ಸಫಾರಿ ತಾನೇ? 2020ರಿಂದ ಎಡ್ಜ್‌ನ ಒಳಗಿರೋದೂ ಕ್ರೋಮಿನ ಮೂಲ ಕೋಡಾದ ಕ್ರೋಮಿಯಂ. ಪುಟವನ್ನು ತೋರಿಸೋ ಎಂಜಿನ್ ಮೂರೇ. ಎಡ್ಜ್‌ಗೆ ಒಂದು ಸ್ಮೋಕ್ ಟೆಸ್ಟ್ (ಮುಖ್ಯ ಕೆಲಸಗಳು ನಡೆಯುತ್ತವಾ ಅನ್ನೋ ಚಿಕ್ಕ ಪರೀಕ್ಷೆ) ಹಾಕಿ ಪಟ್ಟಿಯಿಂದ ತೆಗೆದರೆ 12 ಹೋಗಿ 9 ಆಗುತ್ತೆ. ಆದರೆ ಐಫೋನಿನಲ್ಲಿ ಕ್ರೋಮ್ ತೆರೆದು ‘ಕ್ರೋಮ್ ಆಯ್ತು’ ಅಂತ ಟಿಕ್ ಹಾಕಬೇಡಿ. ನಮ್ಮಲ್ಲಿ ಸಿಗೋ ಐಫೋನುಗಳಲ್ಲಿ ಕ್ರೋಮ್ ಕೂಡ ಸಫಾರಿಯ ವೆಬ್‌ಕಿಟ್ ಎಂಜಿನ್ನಿನ ಮೇಲೇ ಓಡೋದು.