ಕಟ್ಟೋದು ಇಲ್ಲಿ, ಬಿಚ್ಚೋದು ಅಲ್ಲಿ: ಐಪಿಕೆ ಪ್ಯಾಕೇಜಿನ ಕಂಪ್ರೆಷನ್ ಹಿಂದಿನ ಕಥೆ

ಯೋಕ್ಟೊ ಅಂದ್ರೆ ಚಿಕ್ಕ ಸಾಧನಗಳ ಬೋರ್ಡಿಗೆ ಲಿನಕ್ಸ್ ಕಟ್ಟಿಕೊಡೋ ಟೂಲ್, ಐಪಿಕೆ ಅಂದ್ರೆ ಅದರಲ್ಲಿ ಕಟ್ಟೋ ಒಂದು ಬಗೆಯ ಪ್ಯಾಕೇಜ್ ಫೈಲ್. ಯೋಕ್ಟೊ 5.0ರಲ್ಲೋ ಅದಕ್ಕಿಂತ ಹಿಂದಿನದ್ರಲ್ಲೋ ಕಟ್ಟಿದ ಬೋರ್ಡಿಗೆ 5.1ರಲ್ಲಿ ಕಟ್ಟಿದ ಐಪಿಕೆ ಪ್ಯಾಕೇಜ್ ಹಾಕೋಕೆ ಹೋದ್ರೆ ಅದು ತಗೊಳ್ದೇ ಇರಬಹುದು. ಪ್ಯಾಕೇಜ್ ಸರಿಯಿರತ್ತೆ, ಡೌನ್‌ಲೋಡೂ ಪೂರ್ತಿ ಆಗಿರತ್ತೆ, ಆದ್ರೆ ಬೋರ್ಡಿನಲ್ಲಿ ಪ್ಯಾಕೇಜ್ ಇನ್‌ಸ್ಟಾಲ್ ಮಾಡೋ ಓಪಿಕೆಜಿಗೆ ಅದನ್ನ ಬಿಚ್ಚೋಕೇ ಬರಲ್ಲ. ಯಾಕಂದ್ರೆ 2024ರ ಅಕ್ಟೋಬರ್‌ನಲ್ಲಿ ಬಂದ 5.1ರಿಂದ ಐಪಿಕೆಯ ಡಿಫಾಲ್ಟ್ ಕಂಪ್ರೆಷನ್ ಎಕ್ಸ್‌ಝಡ್ ಹೋಗಿ ಝಡ್‌ಸ್ಟ್ಯಾಂಡರ್ಡ್ ಆಯ್ತು, ಹಳೇ ಸಿಸ್ಟಮ್ಮಿನ ಓಪಿಕೆಜಿಯನ್ನ ಝಡ್‌ಸ್ಟ್ಯಾಂಡರ್ಡ್ ಸೇರಿಸಿ ಬಿಲ್ಡ್ ಮಾಡಿಲ್ಲ ಅಂದ್ರೆ ಈ ಪ್ಯಾಕೇಜುಗಳು ಅದಕ್ಕೆ ಆಗಲ್ಲ ಅಂತ ರಿಲೀಸ್ ನೋಟ್ಸಿನಲ್ಲೇ ಬರೆದಿದ್ದಾರೆ.

ಒಂದು ಸಾಲಿನ ಸೆಟ್ಟಿಂಗ್ ಇದು. ಆದ್ರೆ ಟೀಮಿನಲ್ಲಿ ಇದರ ಮಾತು ಬಂದ್ರೆ ಒಬ್ಬರು ಸೈಜ್ ಅಂತಾರೆ, ಇನ್ನೊಬ್ಬರು ಬಿಲ್ಡ್ ಟೈಮ್ ಅಂತಾರೆ, ಮತ್ತೊಬ್ಬರು ಎಕ್ಸ್‌ಝಡ್‌ನಲ್ಲಿ ಸಿಕ್ಕ 2024ರ ಬ್ಯಾಕ್‌ಡೋರ್ ವಿಷ್ಯ ತೆಗೀತಾರೆ, ಮೂರೂ ಬೇರೆ ಬೇರೆ ಕಾಲದಲ್ಲಿ ಬಂದು ಒಂದಕ್ಕೊಂದು ಸಿಕ್ಕು ಹಾಕ್ಕೊಂಡಿರೋದ್ರಿಂದ ಯಾರ ಮಾತು ಯಾವುದಕ್ಕೆ ಉತ್ತರ ಅಂತಾನೇ ಗೊತ್ತಾಗಲ್ಲ. ಅದಕ್ಕೇ ಮೊದಲಿಂದ ಹೇಳ್ತೀನಿ.

ಹಳೇ ಯುನಿಕ್ಸಿನಲ್ಲಿ ಫೈಲ್ ಅಮುಕೋಕೆ ಇದ್ದ ಕಂಪ್ರೆಸ್ ಅನ್ನೋ ಪ್ರೋಗ್ರಾಮಿಗೆ ಪೇಟೆಂಟ್ ತೊಡಕು ಇತ್ತು, 1992ರಲ್ಲಿ ಜೀಝಿಪ್ ಬಂತು, 1996ರಲ್ಲಿ ಬೀಝಿಪ್2 ಬಂತು, ಐಗೋರ್ ಪಾವ್ಲೊವ್ ಅವರು 7-ಝಿಪ್‌ಗೆ ಮಾಡಿದ್ದ ಎಲ್‌ಝಡ್‌ಎಂಎ 2009ರ ಹೊತ್ತಿಗೆ ಎಕ್ಸ್‌ಝಡ್ ಆಗಿ ಲಿನಕ್ಸ್ ಕಡೆ ಬಂತು, 2016ರಲ್ಲಿ ಯಾನ್ ಕೊಲೆ ಅವರು ಫೇಸ್‌ಬುಕ್‌ನಲ್ಲಿದ್ದಾಗ ಝಡ್‌ಸ್ಟ್ಯಾಂಡರ್ಡ್ 1.0 ಬಿಟ್ರು.

ಎಂಬೆಡೆಡ್ ಕಡೆ ಕಥೆ ಶುರುವಾಗೋದು 2000ದ ಆಸುಪಾಸಿನ ಕಾಂಪ್ಯಾಕ್ ಐಪ್ಯಾಕ್‌ನಿಂದ. 206 ಮೆಗಾಹರ್ಟ್ಸಿನ ಸ್ಟ್ರಾಂಗ್‌ಆರ್ಮ್, 32 ಎಂಬಿ ರ‍್ಯಾಮ್, 16 ಎಂಬಿ ಫ್ಲ್ಯಾಶ್, ಇದರಲ್ಲಿ ಲಿನಕ್ಸ್ ಓಡಿಸೋಕೆ ಅಂತ ಫೆಮಿಲಿಯರ್ ಅನ್ನೋ ಡಿಸ್ಟ್ರೋ ಇತ್ತು, ಅದರ ಜೊತೆ ಬಂದಿದ್ದು ಐಪಿಕೆಜಿ, ಡೆಬಿಯನ್ನಿನ ಡೆಬ್ ಪ್ಯಾಕೇಜಿಗೆ ತಮ್ಮ ಇದ್ದ ಹಾಗೆ. 2008ರಲ್ಲಿ ಓಪನ್‌ಮೋಕೊ ಫೋನಿನವರು ಅದನ್ನ ಫೋರ್ಕ್ ಮಾಡಿ ಓಪಿಕೆಜಿ ಅಂತ ಮಾಡ್ಕೊಂಡ್ರು, ಮುಂದೆ ಅದು ಯೋಕ್ಟೊ ಆಸರೆಗೆ ಬಂತು. ಆ ಕಾಲಕ್ಕೆ ಜೀಝಿಪ್ ಬಿಟ್ಟು ಬೇರೆ ಏನನ್ನಾದ್ರೂ ಯೋಚನೆ ಮಾಡೋ ಅಗತ್ಯಾನೇ ಇರ್ಲಿಲ್ಲ. ಜೀಝಿಪ್ ಬಿಚ್ಚೋವಾಗ ಹಿಂದೆ ತಿರುಗಿ ನೋಡೋದು 32 ಕೆಬಿಯಷ್ಟು ಮಾತ್ರ, ಮೆಮೊರಿ ಖರ್ಚು ಇಲ್ಲವೇ ಇಲ್ಲ ಅನ್ನಬಹುದು, ಬಿಚ್ಚೋ ಪ್ರೋಗ್ರಾಮ್ ಹೇಗೂ ಚಿಕ್ಕ ಬೋರ್ಡುಗಳ ಕಮಾಂಡುಗಳ ಗಂಟಾದ ಬಿಝಿಬಾಕ್ಸಿನಲ್ಲೇ ಇರತ್ತೆ.

ಎಕ್ಸ್‌ಝಡ್ ಬಂದಿದ್ದು ದೊಡ್ಡ ಡಿಸ್ಟ್ರೋಗಳ ಹಿಂದೆ. ಫೆಡೋರಾ 2009ರಲ್ಲೇ ಹೋಯ್ತು, ಡೆಬಿಯನ್ನಿನ ಪ್ಯಾಕೇಜ್ ಟೂಲ್ ಡಿಪಿಕೆಜಿ 2013ರಲ್ಲಿ ಡಿಫಾಲ್ಟ್ ಬದಲಾಯಿಸ್ತು, ಯೋಕ್ಟೊದಲ್ಲಿ ಐಪಿಕೆಗೂ ಅದೇ ಡಿಫಾಲ್ಟ್ ಆಯ್ತು. ಜೀಝಿಪ್‌ಗಿಂತ ಫೈಲ್ ಚೆನ್ನಾಗಿ ಚಿಕ್ಕದಾಗತ್ತೆ, ಅದು ಕಣ್ಣಿಗೆ ಕಾಣೋ ಲಾಭ, ನಾನೂ ಆಗ ಖುಷಿಯಾಗೇ ಬದಲಾಯಿಸಿದೆ. ಕಣ್ಣಿಗೆ ಕಾಣ್ದೇ ಇರೋದು ಡಿಕ್ಷನರಿ, ಅಂದ್ರೆ ಹಿಂದೆ ತಿರುಗಿ ನೋಡೋಕೆ ಮೆಮೊರಿಯಲ್ಲಿ ಇಟ್ಕೊಳ್ಳೋ ಡೇಟಾ. ಎಕ್ಸ್‌ಝಡ್ ತನ್ನ ಡಿಫಾಲ್ಟ್ ಲೆವೆಲ್ 6ರಲ್ಲಿ 8 ಎಂಬಿ ಡಿಕ್ಷನರಿ ಇಟ್ಕೊಳ್ಳತ್ತೆ, ಬಿಚ್ಚೋಕೆ ಸುಮಾರು 9 ಎಂಬಿ ರ‍್ಯಾಮ್ ಬೇಕು. ಲೆವೆಲ್ 9ಕ್ಕೆ ಹೋದ್ರೆ ಡಿಕ್ಷನರಿ 64 ಎಂಬಿ, ಕಟ್ಟೋಕೆ 674 ಎಂಬಿ, ಬಿಚ್ಚೋಕೆ 65 ಎಂಬಿ. ಬಿಲ್ಡ್ ಮೆಷಿನ್ನಿನಲ್ಲಿ ಕೂತವರಿಗೆ ಈ ಕೊನೇ ನಂಬರ್ ಲೆಕ್ಕಕ್ಕೇ ಬರಲ್ಲ.

ಇದು ನನಗೆ ಅರ್ಥವಾಗಿದ್ದು ಒಂದು ಪ್ರಾಜೆಕ್ಟಿನಲ್ಲಿ. ಹಳ್ಳಿ ಕಡೆ ಪಂಪ್‌ಹೌಸುಗಳಲ್ಲಿ ಕೂರೋ ಗೇಟ್‌ವೇ, 64 ಎಂಬಿ ರ‍್ಯಾಮ್, ಸ್ವಾಪ್ ಇಲ್ಲ, ನೆಟ್ ಬರೋದು ಸಿಮ್ಮಿನಿಂದ, ಅದೂ ಬಂದಾಗ ಬಂತು. ಡೇಟಾ ಉಳಿಸೋಣ ಅಂತ ಎಲ್ಲಾ ಪ್ಯಾಕೇಜಿಗೂ ಲೆವೆಲ್ 9 ಹಾಕಿದ್ವಿ, ಆ ಹೊತ್ತಿನಲ್ಲಿ ಅದು ಎಲ್ಲರಿಗೂ ಸರಿಯಾಗೇ ಕಂಡಿತ್ತು. ಲ್ಯಾಬಿನ ಬೋರ್ಡಿನಲ್ಲಿ ಎಲ್ಲಾ ಚೆನ್ನಾಗಿ ಇನ್‌ಸ್ಟಾಲ್ ಆಯ್ತು, ಫೀಲ್ಡಿಗೆ ಹೋದ ಮೇಲೆ ಇನ್‌ಸ್ಟಾಲ್ ಫೇಲ್, ಲಾಗಿನಲ್ಲಿ ಮೆಮೊರಿ ಸಿಗ್ಲಿಲ್ಲ ಅನ್ನೋ ಒಂದೇ ಸಾಲು. ದೊಡ್ಡ ಪ್ಯಾಕೇಜ್ ಆಗಿದ್ರೆ ಒಪ್ಕೋಬಹುದಿತ್ತು, ಅದು ಬರೀ ಒಂದು ಕಾನ್ಫಿಗ್ ಫೈಲಿನ ಪ್ಯಾಕೇಜ್, ಕೆಲವೇ ಕೆಬಿ. ಎರಡು ದಿನ ಬೇರೆ ಎಲ್ಲೋ ಮೆಮೊರಿ ಲೀಕ್ ಇದೆ ಅಂತ ಹುಡುಕಿದ್ವಿ.

ಆಮೇಲೆ ಐಪಿಕೆಯನ್ನ ಎಆರ್ ಕಮಾಂಡಿನಲ್ಲಿ ಬಿಡಿಸಿ, ಒಳಗಿದ್ದ ಡೇಟಾ ಟಾರ್ ಫೈಲಿನ ಮೇಲೆ ಎಕ್ಸ್‌ಝಡ್‌ನ ಲಿಸ್ಟ್ ಆಪ್ಷನ್ನನ್ನ ವರ್ಬೋಸ್ ಎರಡು ಸಲ ಕೊಟ್ಟು ಓಡಿಸಿದಾಗ ಕಂಡಿದ್ದು: ಬೇಕಾದ ಮೆಮೊರಿ 65 ಎಂಬಿ. ಫೈಲ್ ಎಷ್ಟೇ ಚಿಕ್ಕದಿರಲಿ, ಕಟ್ಟೋವಾಗ ಯಾವ ಲೆವೆಲ್ ಕೊಟ್ವೋ ಅದರ ಡಿಕ್ಷನರಿ ಸೈಜ್ ಹೆಡರ್‌ನಲ್ಲಿ ಬರ್ಕೊಂಡು ಹೋಗತ್ತೆ, ಬಿಚ್ಚೋವಾಗ ಅದನ್ನ ಓದಿ ಅಷ್ಟೂ ಜಾಗ ಮೊದಲೇ ಕೇಳತ್ತೆ, ಇರೋದೇ 64 ಎಂಬಿ ಆದ್ರೆ ಕರ್ನಲ್ ಕೊಡಲ್ಲ ಅಂತ ಹೇಳತ್ತೆ. ಲ್ಯಾಬಿನ ಬೋರ್ಡಿನಲ್ಲಿ 256 ಎಂಬಿ ಇತ್ತು, ಅದಕ್ಕೇ ಅಲ್ಲಿ ಗೊತ್ತಾಗ್ಲೇ ಇಲ್ಲ. ಡಿಕ್ಷನರಿ 1 ಎಂಬಿಗೆ ಇಳಿಸಿದ್ವಿ, ಅಷ್ಟು ಚಿಕ್ಕ ಪ್ಯಾಕೇಜಿನಲ್ಲಿ ಸೈಜ್ ಏನೂ ಹೆಚ್ಚಾಗ್ಲಿಲ್ಲ. ಅವತ್ತಿಂದ ಯಾರಾದ್ರೂ ಕಂಪ್ರೆಷನ್ ರೇಷಿಯೋ ಟೇಬಲ್ ತೋರಿಸಿದ್ರೆ ನಾನು ಮೊದಲು ಕೇಳೋದು, ಇದನ್ನ ಬಿಚ್ಚೋರು ಯಾರು, ಅವರ ಹತ್ರ ರ‍್ಯಾಮ್ ಎಷ್ಟಿದೆ ಅಂತ.

ಇನ್ನು ಬಿಲ್ಡ್ ಮೆಷಿನ್ ಕಡೆ ಬರೋಣ, ಯಾಕಂದ್ರೆ ಝಡ್‌ಸ್ಟ್ಯಾಂಡರ್ಡ್ ಬೇಕು ಅನ್ನೋ ಒತ್ತಾಯ ಹುಟ್ಟಿದ್ದು ಅಲ್ಲಿಂದಲೇ. ಯೋಕ್ಟೊದಲ್ಲಿ ಒಂದು ರೆಸಿಪಿ (ಒಂದು ಸಾಫ್ಟ್‌ವೇರ್ ಹೇಗೆ ಕಟ್ಟಬೇಕು ಅಂತ ಹೇಳೋ ಫೈಲ್) ಅಂದ್ರೆ ಒಂದು ಪ್ಯಾಕೇಜ್ ಆಗಿರಲ್ಲ, ಮುಖ್ಯ ಪ್ಯಾಕೇಜಿನ ಜೊತೆ ಡೀಬಗ್‌ಗೆ ಒಂದು, ಡೆವಲಪ್‌ಮೆಂಟ್ ಹೆಡರ್‌ಗಳಿಗೆ ಒಂದು, ಸೋರ್ಸಿಗೆ ಒಂದು, ಡಾಕ್ಯುಮೆಂಟಿಗೆ ಒಂದು ಹೀಗೆ ಬರ್ತಾ ಹೋಗತ್ತೆ. ಇದರಲ್ಲಿ ಅತಿ ದಪ್ಪ ಇರೋದು ಡೀಬಗ್ ಪ್ಯಾಕೇಜುಗಳು, ಅವು ಸಾಮಾನ್ಯವಾಗಿ ಬೋರ್ಡಿಗೆ ಹೋಗಲ್ಲ, ಆದ್ರೂ ಪ್ರತಿ ಬಿಲ್ಡಿನಲ್ಲಿ ಎಕ್ಸ್‌ಝಡ್ ಕೂತ್ಕೊಂಡು ಅವನ್ನೂ ಅಮುಕತ್ತೆ. ಇಮೇಜ್ ಕಟ್ಟೋ ಹಂತದಲ್ಲಿ ಬೇಕಾದ ಪ್ಯಾಕೇಜುಗಳನ್ನೆಲ್ಲಾ ಅದೇ ಮೆಷಿನ್ನಿನಲ್ಲಿ ಮತ್ತೆ ಬಿಚ್ಚಿ ರೂಟ್‌ಎಫ್‌ಎಸ್ (ಬೋರ್ಡಿನ ಪೂರ್ತಿ ಫೈಲ್ ಸಿಸ್ಟಮ್) ಮಾಡತ್ತೆ, ಮೂರು ಇಮೇಜ್ ಇದ್ರೆ ಮೂರು ಸಲ. ಕೊನೆಗೆ ಆ ರೂಟ್‌ಎಫ್‌ಎಸ್ಸನ್ನ ಸ್ಕ್ವಾಶ್‌ಎಫ್‌ಎಸ್ ಅನ್ನೋ ಅಮುಕಿದ ಫೈಲ್ ಸಿಸ್ಟಮ್ ಮಾಡಿದ್ರೆ ಅದು ತನ್ನದೇ ರೀತೀಲಿ ಮತ್ತೆ ಕಂಪ್ರೆಸ್ ಮಾಡ್ಕೊಳ್ಳತ್ತೆ. ಅಂದ್ರೆ ಇಡೀ ಇಮೇಜನ್ನೇ ಎ ಮತ್ತು ಬಿ ಪಾರ್ಟಿಷನ್ ಬದಲಾಯಿಸಿ ಅಪ್‌ಡೇಟ್ ಮಾಡೋರಿಗೆ ಪ್ಯಾಕೇಜ್ ಯಾವ ಫಾರ್ಮ್ಯಾಟಿನಲ್ಲಿದ್ರೂ ಬೋರ್ಡಿಗೆ ಏನೂ ವ್ಯತ್ಯಾಸ ಇಲ್ಲ, ಅವರು ಎಕ್ಸ್‌ಝಡ್‌ಗೆ ಕೊಟ್ಟ ಟೈಮೆಲ್ಲಾ ಸುಮ್ನೆ ಹೋದ ಹಾಗೆ.

ಎಕ್ಸ್‌ಝಡ್‌ನಲ್ಲಿ ಇನ್ನೊಂದು ಕಿರಿಕಿರಿ ಇತ್ತು. ಒಂದೇ ಥ್ರೆಡ್ಡಿನಲ್ಲಿ ಕಟ್ಟಿದ ಫೈಲಿಗೂ ಹಲವು ಥ್ರೆಡ್ಡಿನಲ್ಲಿ ಕಟ್ಟಿದ ಫೈಲಿಗೂ ಬೈಟುಗಳೇ ಬೇರೆ, ಬ್ಲಾಕ್ ಬ್ಲಾಕ್ ಆಗಿ ಒಡೆಯೋದ್ರಿಂದ. ಒಂದೇ ಸೋರ್ಸ್ ಎರಡು ಮೆಷಿನ್ನಿನಲ್ಲಿ ಕಟ್ಟಿದ್ರೆ ಒಂದೇ ಫೈಲ್ ಬರ್ಬೇಕು ಅಂತ ಕಷ್ಟಪಡೋರಿಗೆ ಇದು ದೊಡ್ಡ ತಲೆನೋವು, ಅದಕ್ಕೇ ಯೋಕ್ಟೊದ ಬುಡವಾದ ಓಪನ್‌ಎಂಬೆಡೆಡ್‌ನಲ್ಲಿ ಒಂದೇ ಕೋರ್ ಇರೋ ಮೆಷಿನ್ನಿನಲ್ಲೂ ಎಕ್ಸ್‌ಝಡ್‌ಗೆ ಕನಿಷ್ಠ 2 ಥ್ರೆಡ್ ಅಂತ ಹೇಳಿ ಓಡಿಸ್ತಾರೆ.

2019ರ ಅಕ್ಟೋಬರ್‌ನಲ್ಲಿ ಫೆಡೋರಾ 31 ತನ್ನ ಆರ್‌ಪಿಎಂ ಪ್ಯಾಕೇಜುಗಳನ್ನ ಝಡ್‌ಸ್ಟ್ಯಾಂಡರ್ಡ್ ಲೆವೆಲ್ 19ಕ್ಕೆ ಬದಲಾಯಿಸ್ತು. ಅದೇ ವರ್ಷದ ಕೊನೆಗೆ ಆರ್ಚ್ ಲಿನಕ್ಸ್ ಕೂಡ, ಅವರು ಕೊಟ್ಟ ಲೆಕ್ಕ ಈಗಲೂ ಎಲ್ಲರ ಬಾಯಲ್ಲಿದೆ: ಪ್ಯಾಕೇಜುಗಳ ಒಟ್ಟು ಸೈಜ್ ಸುಮಾರು 0.8% ಹೆಚ್ಚಾಯ್ತು, ಬಿಚ್ಚೋ ವೇಗ ಸುಮಾರು 1300% ಹೆಚ್ಚಾಯ್ತು. 2021ರಲ್ಲಿ ಯೋಕ್ಟೊ ಹಿಂದಿನ ಬಿಲ್ಡಿನ ಫಲಗಳನ್ನ ಇಟ್ಕೊಳ್ಳೋ ತನ್ನ ಶೇರ್ಡ್ ಸ್ಟೇಟ್ ಕ್ಯಾಶನ್ನ ಜೀಝಿಪ್‌ನಿಂದ ಝಡ್‌ಸ್ಟ್ಯಾಂಡರ್ಡ್‌ಗೆ ತಂತು, ಅದು ಬಿಲ್ಡ್ ಮೆಷಿನ್ನಿನ ಒಳಗಿನ ವ್ಯವಹಾರ ಆಗಿದ್ರಿಂದ ಯಾವ ಬೋರ್ಡಿಗೂ ತೊಂದರೆ ಆಗ್ಲಿಲ್ಲ. ಆದ್ರೆ ಝಡ್‌ಸ್ಟ್ಯಾಂಡರ್ಡ್ ಅಂದ್ರೆ ಮೆಮೊರಿ ಚಿಂತೆ ಮುಗೀತು ಅಂತ ಅಂದ್ಕೋಬಾರ್ದು. ಲೆವೆಲ್ 19ರಲ್ಲಿ ಅದೂ 8 ಎಂಬಿ ವಿಂಡೋ (ಎಕ್ಸ್‌ಝಡ್‌ನ ಡಿಕ್ಷನರಿ ಥರದ್ದೇ) ಕೇಳತ್ತೆ, ಅಲ್ಟ್ರಾ ಆನ್ ಮಾಡಿ 22ಕ್ಕೆ ಹೋದ್ರೆ 128 ಎಂಬಿ. ನಮ್ಮ ಪಂಪ್‌ಹೌಸಿನ ಗೇಟ್‌ವೇಗೆ ಅದು ಎಕ್ಸ್‌ಝಡ್ 9ಕ್ಕಿಂತ ಕೆಟ್ಟದ್ದು.

2024ರ ಮಾರ್ಚ್ 29ಕ್ಕೆ ಎಕ್ಸ್‌ಝಡ್ 5.6.0 ಮತ್ತು 5.6.1ರಲ್ಲಿ ಬ್ಯಾಕ್‌ಡೋರ್ ಸೇರಿದೆ ಅಂತ ಹೊರಗೆ ಬಂತು, ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡ್ ನಿಧಾನ ಆಗ್ತಿದೆ ಯಾಕೆ ಅಂತ ಹುಡುಕ್ತಾ ಹೋದ ಆಂಡ್ರೆಸ್ ಫ್ರಾಯಿಂಡ್ ಅವರ ಕಣ್ಣಿಗೆ ಬಿದ್ದಿದ್ದು. ಆರು ತಿಂಗಳಿಗೆ 5.1 ಬಂದಿದ್ರಿಂದ, ಇದಕ್ಕೇ ಎಕ್ಸ್‌ಝಡ್ ಬಿಟ್ರು ಅಂತ ಅನ್ಕೊಳ್ಳೋದು ಸುಲಭ. ರಿಲೀಸ್ ನೋಟ್ಸ್ ಹೇಳೋ ಕಾರಣ ಕಂಪ್ರೆಷನ್ ಮತ್ತು ಪರ್ಫಾರ್ಮೆನ್ಸ್. ಬ್ಯಾಕ್‌ಡೋರ್ ಇದ್ದಿದ್ದು ಆ ಎರಡು ವರ್ಷನ್ನಿನ ಲೈಬ್ರರಿಯಲ್ಲಿ, ಗುರಿ ಇದ್ದಿದ್ದು 64 ಬಿಟ್ ಇಂಟೆಲ್ ಮಾದರಿಯ ಡೆಬಿಯನ್ ಮತ್ತು ಆರ್‌ಪಿಎಂ ಸಿಸ್ಟಮ್ಮುಗಳ ಮೇಲೆ, ಎಕ್ಸ್‌ಝಡ್ ಫಾರ್ಮ್ಯಾಟಿನಲ್ಲಿ ಕಟ್ಟಿದ ಪ್ಯಾಕೇಜಿಗೂ ಅದಕ್ಕೂ ಸಂಬಂಧ ಇಲ್ಲ. ಫಾರ್ಮ್ಯಾಟ್ ಚರ್ಚೆಗೆ ಆ ಭಯ ಎಳ್ಕೊಂಡು ಬಂದ್ರೆ ನಿಜವಾಗಿ ನೋಡ್ಬೇಕಾದ್ದು ಮರೆಯಾಗತ್ತೆ.

ನೋಡ್ಬೇಕಾದ್ದು ಯಾವುದು ಮೊದಲು, ಯಾವುದು ಆಮೇಲೆ ಅನ್ನೋದು. ಉಬುಂಟು ಹೇಗೆ ಮಾಡ್ತು ನೋಡಿ, 2018ರ 18.04ರಲ್ಲೇ ಝಡ್‌ಸ್ಟ್ಯಾಂಡರ್ಡ್ ಬಿಚ್ಚೋ ಶಕ್ತಿಯನ್ನ ಡಿಪಿಕೆಜಿಗೆ ಸೇರಿಸ್ತು, ಆ ಫಾರ್ಮ್ಯಾಟಿನಲ್ಲಿ ಕಟ್ಟೋಕೆ ಶುರು ಮಾಡಿದ್ದು 2021ರ 21.10ರಲ್ಲಿ. ಮೂರೂವರೆ ವರ್ಷ ಕಾದ್ರು, ಹಳೇ ಮೆಷಿನ್ನುಗಳು ಬಿಚ್ಚೋದನ್ನ ಕಲೀಲಿ ಅಂತ. ಅಷ್ಟಾದ್ರೂ ಡೆಬಿಯನ್ನಿನ ಡಿಪಿಕೆಜಿಗೆ 2023ರವರೆಗೆ ಅದು ಬರ್ಲಿಲ್ಲ, ಅಲ್ಲೀವರೆಗೆ ಉಬುಂಟು ಡೆಬ್ ಡೆಬಿಯನ್ನಿನಲ್ಲಿ ಬಿಚ್ತಿರ್ಲಿಲ್ಲ. ಎಂಬೆಡೆಡ್‌ನಲ್ಲಿ ಇದು ಇನ್ನೂ ಕಷ್ಟ, ಯಾಕಂದ್ರೆ ಝಡ್‌ಸ್ಟ್ಯಾಂಡರ್ಡ್ ಬಲ್ಲ ಹೊಸ ಓಪಿಕೆಜಿಯ ಪ್ಯಾಕೇಜ್ ಕೂಡ ಝಡ್‌ಸ್ಟ್ಯಾಂಡರ್ಡ್‌ನಲ್ಲೇ ಕಟ್ಟಿರತ್ತೆ, ಬೀಗದ ಕೈ ಪೆಟ್ಟಿಗೆ ಒಳಗೇ ಇಟ್ಟು ಬೀಗ ಹಾಕಿದ ಹಾಗೆ. ಫೀಲ್ಡಿನಲ್ಲಿ ಕೂತಿರೋ ಬೋರ್ಡ್ ಹತ್ರ ಯುಎಸ್‌ಬಿ ಹಿಡ್ಕೊಂಡು ಹೋಗೋ ಮನುಷ್ಯನ ಬಸ್ ಚಾರ್ಜು, ಒಂದು ದಿನದ ಕೆಲಸ, ಇದು ಯಾವ ಬೆಂಚ್‌ಮಾರ್ಕಿನಲ್ಲೂ ಬರಲ್ಲ. ಒಂದು ರಿಲೀಸ್ ಬರೀ ಬಿಚ್ಚೋದನ್ನ ಕಲಿಸೋಕೆ ಅಂತ ಬಿಟ್ಟು, ಮುಂದಿನದ್ರಲ್ಲಿ ಕಟ್ಟೋದು ಬದಲಾಯಿಸಿದ್ರೆ ಎಷ್ಟೋ ಜನಕ್ಕೆ ಅನುಕೂಲ ಆಗ್ತಿತ್ತು ಅನ್ನೋದು ನನ್ನ ಅನಿಸಿಕೆ.

ರೌಟರುಗಳಿಗೆ ಲಿನಕ್ಸ್ ಮಾಡೋ ಓಪನ್‌ಡಬ್ಲ್ಯುಆರ್‌ಟಿ ದಾರಿ ಬೇರೆ. ಅವರು ಸ್ಕ್ವಾಶ್‌ಎಫ್‌ಎಸ್ ಇಮೇಜಿಗೆ ಎಕ್ಸ್‌ಝಡ್ ಬಳಸಿದ್ರೂ ಐಪಿಕೆಗೆ ಮಾತ್ರ ಜೀಝಿಪ್ಪನ್ನೇ ಇಟ್ಕೊಂಡ್ರು, 4 ಎಂಬಿ ಫ್ಲ್ಯಾಶ್ 32 ಎಂಬಿ ರ‍್ಯಾಮ್ ಇರೋ ರೌಟರುಗಳನ್ನ ಎಷ್ಟೋ ವರ್ಷ ಸಾಕಿದವರು ಅವರು. 2024ರ ನವೆಂಬರ್‌ನಲ್ಲಿ ಡೆವಲಪ್‌ಮೆಂಟ್ ಶಾಖೆಯಲ್ಲಿ ಓಪಿಕೆಜಿಯನ್ನೇ ಬಿಟ್ಟು ಆಲ್ಪೈನ್ ಲಿನಕ್ಸಿನ ಪ್ಯಾಕೇಜ್ ಟೂಲ್ ಎಪಿಕೆಗೆ ಹೋದ್ರು.

ಯೋಕ್ಟೊದಲ್ಲಿ ಇರೋರಿಗೆ ಈಗ ಎರಡು ದಾರಿ ಇದೆ. ಒಂದು, ಐಪಿಕೆ ಕಟ್ಟೋ ಕಮಾಂಡಿನ ವೇರಿಯಬಲ್ಲನ್ನ ಡಿಸ್ಟ್ರೋ ಕಾನ್ಫಿಗ್‌ನಲ್ಲಿ ಮತ್ತೆ ಎಕ್ಸ್‌ಝಡ್‌ಗೆ ಹೊಂದಿಸೋದು, ಬೋರ್ಡಿನಲ್ಲಿ ಏನೂ ಮುಟ್ಟಬೇಕಿಲ್ಲ. ಇನ್ನೊಂದು, ಈಗಿರೋ ಹಳೇ ರಿಲೀಸಿನಲ್ಲೇ ಓಪಿಕೆಜಿಯನ್ನ ಝಡ್‌ಸ್ಟ್ಯಾಂಡರ್ಡ್ ಸೇರಿಸಿ ಬಿಲ್ಡ್ ಮಾಡಿ, ಅದನ್ನ ಎಕ್ಸ್‌ಝಡ್‌ನಲ್ಲೇ ಕಟ್ಟಿ ಎಲ್ಲಾ ಬೋರ್ಡಿಗೂ ಕಳಿಸಿ, ಎಲ್ಲಾ ತಗೊಂಡಿದ್ದು ಖಾತ್ರಿ ಆದ ಮೇಲೆ ಬದಲಾಯಿಸೋದು. ಚೆಕ್ ಮಾಡೋವಾಗ ಬೋರ್ಡಿನ ಓಪಿಕೆಜಿ ಕಾನ್ಫಿಗ್‌ನಲ್ಲಿ ಫೀಡ್ ಸಾಲಿನ ಶುರುವಿನಲ್ಲಿರೋ ಜಿಝಡ್ ಅನ್ನೋದನ್ನ ನೋಡಿ ಪ್ಯಾಕೇಜುಗಳು ಜೀಝಿಪ್ ಅಂತ ತಿಳ್ಕೋಬೇಡಿ, ಅದು ಹೇಳೋದು ಪ್ಯಾಕೇಜ್ ಪಟ್ಟಿಯ ಫೈಲಿನ ಬಗ್ಗೆ ಮಾತ್ರ. ಒಂದು ಐಪಿಕೆ ತಗೊಂಡು ಎಆರ್‌ನಲ್ಲಿ ಬಿಡಿಸಿ ಒಳಗಿನ ಡೇಟಾ ಟಾರ್ ಹೆಸರಿನ ಕೊನೆ ನೋಡಿ. 5.0ಗೆ 2028ರ ಏಪ್ರಿಲ್‌ವರೆಗೆ ಸಪೋರ್ಟ್ ಇದೆ, ಎರಡನೇ ದಾರಿಗೆ ಬೇಕಾದಷ್ಟು ಟೈಮ್ ಅದರಲ್ಲಿ ಸಿಗತ್ತೆ.